ಹಡಗಿನ ನೆನಪು, ತೋಟದ ಮರೆವು

1843ನೇ ಇಸವಿ. ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಗುಲಾಮಗಿರಿಗೆ ಸಂಬಂಧಿಸಿದ ಕಾಯ್ದೆಯೊಂದನ್ನು ಹೊರಡಿಸಿದ್ದು ಆ ವರ್ಷ. ಗ್ರೀನ್ ಎಂಬ ಯುರೋಪಿಯನ್ ತೋಟಗಾರ ದಕ್ಷಿಣ ಮಂಜರಾಬಾದಿನಲ್ಲಿ ಕಾಫಿ ತೋಟ ತೆರೆದದ್ದೂ ಅದೇ ವರ್ಷ. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಇಂದಿನ ಸಕಲೇಶಪುರ ಮತ್ತು ಆಲೂರು ಸೀಮೆಯ ದುಡಿಮೆಯ ಚರಿತ್ರೆಯನ್ನು ಅರಿಯಲು ಹೊರಟವರು ಈ ಎರಡು ಘಟನೆಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕಾಗುತ್ತದೆ.

ಕಂಪನಿಯ ಕಾಯ್ದೆ ಯಾರನ್ನೂ ನೇರವಾಗಿ ಬಿಡುಗಡೆ ಮಾಡಲಿಲ್ಲ. ಮನುಷ್ಯನೊಬ್ಬ ಇನ್ನೊಬ್ಬನ ಸ್ವತ್ತು ಎಂಬ ವಾದವನ್ನು ನ್ಯಾಯಾಲಯಗಳು ಒಪ್ಪಬಾರದು ಎಂದಷ್ಟೇ ಅದು ಹೇಳಿತು. ಅದೂ ಕಂಪನಿಯ ಪ್ರದೇಶಗಳಿಗೆ ಮಾತ್ರ. ಮೈಸೂರು ಆಗ ಮಹಾರಾಜರ ಹೆಸರಿನಲ್ಲಿದ್ದರೂ 1831ರಿಂದ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮಲೆನಾಡಿನ ಗದ್ದೆ ಬಯಲುಗಳಲ್ಲಿ ಹಳೆಯ ಪದ್ಧತಿ ಮುಂದುವರಿದೇ ಇತ್ತು.

ಹುಟ್ಟಾಳು, ಮಣ್ಣಾಳು

ಆ ಪದ್ಧತಿ ಎಂಥದು? ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಎರಡು ಶಬ್ದಗಳನ್ನು ದಾಖಲಿಸಿದೆ. ಒಂದು ‘ಹುಟ್ಟಾಳು’; ಒಡೆಯನ ಮನೆಯಲ್ಲೇ ಹುಟ್ಟಿ ವಂಶಪಾರಂಪರ್ಯವಾಗಿ ಆ ಮನೆಗೆ ದುಡಿಯುವ ಆಳು. ಇನ್ನೊಂದು ‘ಮಣ್ಣಾಳು’, ಭೂಮಿ ಕೈ ಬದಲಾಯಿಸಿದಾಗ ಅದರೊಂದಿಗೇ ಮಾರಾಟವಾಗುವ ಆಳು. ಮಲೆನಾಡಿನಲ್ಲಿ ಹೀಗೆ ಬಾಳಿದವರು ಹೊಲೆಯ ಸಮುದಾಯದವರು. ಇದು ಬರಿಯ ಬಡತನದ ಮಾತಲ್ಲ. ಹುಟ್ಟಿದ ಜಾತಿಯೇ ಮನುಷ್ಯನ ಬೆಲೆಯನ್ನೂ ಅವನ ಒಡೆಯನನ್ನೂ ಗೊತ್ತು ಮಾಡುತ್ತಿದ್ದ ವ್ಯವಸ್ಥೆ.

ಯುರೋಪಿಯನ್ನರ ಕಾಫಿ ತೋಟಗಳು ಬಂದು ಕೂಲಿಗೆ ಬೇಡಿಕೆ ಹೆಚ್ಚಿದ್ದರಿಂದ ಈ ಜನರಲ್ಲಿ ಅನೇಕರು ಸ್ವತಂತ್ರರಾಗತೊಡಗಿದರು ಎಂದೂ ಗ್ಯಾಸೆಟಿಯರ್ ಹೇಳುತ್ತದೆ. ಈ ಮಾತಿನಲ್ಲಿ ನಿಜವಿದೆ. ಒಡೆಯನ ಗದ್ದೆ ಬಿಟ್ಟು ಹೋಗಲು ಇನ್ನೊಂದು ಜಾಗವಿದೆ ಎಂಬುದೇ ಆ ಕಾಲಕ್ಕೆ ದೊಡ್ಡ ಸಂಗತಿ. ಆದರೆ ತೋಟಕ್ಕೂ ತನ್ನದೇ ಆದ ಹಗ್ಗವಿತ್ತು. ಅದರ ಹೆಸರು ಮುಂಗಡ.

ಮೇಸ್ತ್ರಿ ಊರೂರಿಗೆ ಹೋಗಿ ಮುಂಗಡ ಹಣ ಕೊಟ್ಟು ಆಳುಗಳನ್ನು ಕರೆತರುತ್ತಿದ್ದ. ಘಟ್ಟದ ಕೆಳಗಿನ ತುಳುನಾಡಿನಿಂದ, ತಮಿಳು ಸೀಮೆಯಿಂದ, ಬಯಲು ಸೀಮೆಯಿಂದ ಜನ ಹೀಗೆ ತೋಟಗಳಿಗೆ ಬಂದರು. ಲೈನು ಮನೆಯಲ್ಲಿ ವಾಸ, ರೈಟರ ಪುಸ್ತಕದಲ್ಲಿ ಹಾಜರಿ, ಮುಂಗಡ ತೀರುವ ತನಕ ದುಡಿಮೆ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಹಣ ಹಿಂತಿರುಗಿಸು ಇಲ್ಲವೇ ದುಡಿ ಎಂದು ಆಜ್ಞೆ ಕೊಡಿಸಲು 1859ರ ಕರಾರು ಭಂಗ ಕಾಯ್ದೆ ಅವಕಾಶ ಕೊಟ್ಟಿತ್ತು. ಆಜ್ಞೆ ಮೀರಿದವನಿಗೆ ಮೂರು ತಿಂಗಳವರೆಗೆ ಜೈಲು. ದಕ್ಷಿಣ ಭಾರತದ ತೋಟಗಾರರು ನೆಚ್ಚಿಕೊಂಡಿದ್ದ ಈ ಕಾಯ್ದೆಯನ್ನು ರದ್ದುಪಡಿಸಿದ್ದು 1925ರಲ್ಲಿ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಓದಿದವರಿಗೆ ಈ ಹಗ್ಗದ ಪರಿಚಯವಿದೆ. ಚೋಮನ ಮಕ್ಕಳು ಘಟ್ಟ ಹತ್ತುವುದು ಕಾಫಿ ತೋಟದ ಸಾಲ ತೀರಿಸಲಿಕ್ಕೆ.

ಅತ್ತ ಅಟ್ಲಾಂಟಿಕ್, ಇತ್ತ ಮಂಜರಾಬಾದ್

ಕಾಫಿಯ ಕಥೆಗೆ ಇನ್ನೊಂದು ದಡವೂ ಇದೆ. 18ನೇ ಶತಮಾನದ ಕೊನೆಗೆ ಜಗತ್ತಿನ ಕಾಫಿಯಲ್ಲಿ ಸುಮಾರು ಅರ್ಧದಷ್ಟನ್ನು ಬೆಳೆಯುತ್ತಿದ್ದುದು ಕೆರಿಬಿಯನ್ ಸಮುದ್ರದ ಫ್ರೆಂಚ್ ವಸಾಹತು ಸೇಂಟ್ ಡೊಮಿಂಗ್, ಅಂದರೆ ಇಂದಿನ ಹೈಟಿ. ದುಡಿಯುತ್ತಿದ್ದವರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು. 1791ರ ಆಗಸ್ಟ್ 22ರ ರಾತ್ರಿ ಅವರು ದಂಗೆ ಎದ್ದರು. 1804ರಲ್ಲಿ ದೇಶ ಸ್ವತಂತ್ರವಾಯಿತು. ಅದರ ನೆನಪಿಗಾಗಿಯೇ ಯುನೆಸ್ಕೋ ಆಗಸ್ಟ್ 23ನ್ನು ಗುಲಾಮ ವ್ಯಾಪಾರದ ಸ್ಮರಣೆಯ ದಿನವಾಗಿ ಆಚರಿಸುತ್ತದೆ.

ಅಟ್ಲಾಂಟಿಕ್ ಸಾಗರದ ಮೇಲೆ ನಡೆದ ಈ ವ್ಯಾಪಾರದಲ್ಲಿ ಸುಮಾರು 1 ಕೋಟಿ 25 ಲಕ್ಷ ಜನರನ್ನು ಹಡಗು ಹತ್ತಿಸಲಾಯಿತೆಂದು ಇತಿಹಾಸಕಾರರ ಅಂದಾಜು. ದಡ ಮುಟ್ಟಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದವರು ಸಮುದ್ರದ ಪಾಲು. ಇಷ್ಟು ದೊಡ್ಡ ಸಂಖ್ಯೆಯನ್ನು ಓದಿದರೆ ತಲೆಗೆ ತಿಳಿಯುತ್ತದೆ, ಎದೆಗೆ ಇಳಿಯುವುದಿಲ್ಲ. ಗಣಕಯಂತ್ರದ ಕಲೆ ಕೈಹಾಕಿರುವುದು ಇಲ್ಲಿಗೇ.

ಅಮೆರಿಕದ ವಿದ್ವಾಂಸರು 2008ರಲ್ಲಿ ಅಂತರ್ಜಾಲಕ್ಕೆ ತಂದ ‘ಸ್ಲೇವ್ ವಾಯೇಜಸ್’ ದತ್ತಕೋಶದಲ್ಲಿ 36 ಸಾವಿರಕ್ಕೂ ಹೆಚ್ಚು ಹಡಗು ಯಾನಗಳ ವಿವರವಿದೆ. ಹಡಗುಗಳಿಂದ ಬಿಡಿಸಿಕೊಂಡ ಸುಮಾರು 91 ಸಾವಿರ ಆಫ್ರಿಕನ್ನರ ಹೆಸರುಗಳೂ ಇವೆ. ‘ಲೋರೋರ್’ ಎಂಬ ಫ್ರೆಂಚ್ ಗುಲಾಮ ಹಡಗನ್ನು ಮೂರು ಆಯಾಮಗಳಲ್ಲಿ ಮರುರೂಪಿಸಿ, ಅದರ ಒಡಲೊಳಗಿನ ಇಕ್ಕಟ್ಟನ್ನು ನೋಡುಗನ ಕಣ್ಣಿಗೆ ಕಟ್ಟಲಾಗಿದೆ. ಲಿವರ್‌ಪೂಲ್ ಬಂದರಿನ ಗುಲಾಮಗಿರಿ ವಸ್ತುಸಂಗ್ರಹಾಲಯ ಬಾಗಿಲು ತೆರೆದದ್ದು 2007ರ ಆಗಸ್ಟ್ 23ರಂದು. ಅಮೆರಿಕದ ಮಾಂಟ್‌ಗೋಮರಿಯಲ್ಲಿ 2018ರಲ್ಲಿ ಆರಂಭವಾದ ಲೆಗಸಿ ಮ್ಯೂಸಿಯಂನಲ್ಲಿ ಕಂಬಿಗಳ ಹಿಂದಿನ ಕತ್ತಲಲ್ಲಿ ಬೆಳಕಿನ ಆಕೃತಿಗಳು ಮೂಡಿ, ಹತ್ತಿರ ಹೋದವರೊಡನೆ ಮಾತನಾಡುತ್ತವೆ.

ಈ ಕಲೆಗೆ ಆಕ್ಷೇಪವೂ ಇಲ್ಲದಿಲ್ಲ. ಇನ್ನೊಬ್ಬರ ನರಳಿಕೆ ಜಾತ್ರೆಯ ತೋರಿಕೆಯಾಗಿಬಿಡಬಹುದು. ಕಣ್ಣಿಗೆ ಹಾಕಿದ ಸಾಧನವನ್ನು ನೋಡುಗ ಬೇಕೆಂದಾಗ ತೆಗೆದಿಡಬಲ್ಲ. ಹಡಗಿನಲ್ಲಿದ್ದವನಿಗೆ ಆ ಅನುಕೂಲವಿರಲಿಲ್ಲ. ಐದು ನಿಮಿಷ ಕತ್ತಲಲ್ಲಿ ಕೂತವನು ಎಲ್ಲವನ್ನೂ ಅನುಭವಿಸಿದೆ ಎಂದುಕೊಂಡರೆ ಅದು ನೆನಪಲ್ಲ, ಭ್ರಮೆ. ಆದ್ದರಿಂದ ಇಂಥ ಕಲೆಯ ಬೆನ್ನಿಗೆ ದಾಖಲೆ ಇರಬೇಕು. ‘ಲೋರೋರ್’ ಹಡಗಿಗೆ ಬೆಲೆ ಬಂದಿರುವುದು ಅದರ ಹಿಂದೆ ನಿಂತ ಸಾವಿರಾರು ಯಾನಗಳ ಲೆಕ್ಕದಿಂದ.

ಇಲ್ಲಿ ಏನಿದೆ?

ಮಂಜರಾಬಾದಿನ ಜೀತವೂ ಅಟ್ಲಾಂಟಿಕ್ ವ್ಯಾಪಾರವೂ ಒಂದೇ ಎನ್ನಲಾಗದು. ಅಲ್ಲಿ ಮನುಷ್ಯರನ್ನು ಸಾವಿರಾರು ಮೈಲಿ ದೂರಕ್ಕೆ ಒಯ್ದರು. ಇಲ್ಲಿ ಹುಟ್ಟಿದ ನೆಲಕ್ಕೇ ಕಟ್ಟಿಹಾಕಿದರು. ಅಲ್ಲಿ ಹಡಗಿನ ಮಾಲೀಕರು, ವಿಮೆಯವರು, ಬಂದರಿನ ಅಧಿಕಾರಿಗಳು ಲಾಭಕ್ಕಾಗಿ ಬರೆದಿಟ್ಟ ಲೆಕ್ಕವೇ ಇಂದು ಸಾಕ್ಷಿಯಾಗಿದೆ. ಇಲ್ಲಿ ಹುಟ್ಟಾಳಿನ ಮಗನೂ ಹುಟ್ಟಾಳು ಎಂಬುದಕ್ಕೆ ಕಾಗದವೇ ಬೇಕಿರಲಿಲ್ಲ.

ಬರೆದವರು ಬರೆದದ್ದಾದರೂ ಏನನ್ನು? ಮಂಜರಾಬಾದಿನಲ್ಲಿ ದಶಕಗಳ ಕಾಲ ಕಾಫಿ ಬೆಳೆದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿ ಚಿನ್ನವಿದೆ, ಬೇಟೆಯಿದೆ, ಕಾಫಿಯಿದೆ. ಗಿಡ ನೆಟ್ಟವರ ಕಡೆಯಿಂದ ಬರೆದ ಅಂಥ ಗ್ರಂಥ ಯಾವುದು?

ಜೀತ ಕಾನೂನಿನ ಕಣ್ಣಲ್ಲಿ ಕೊನೆಗೊಂಡದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆ ಮತ್ತು 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆಯಿಂದ. ಆಗ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ತಂದೆ ತಾಯಿಯ ಜೀತವನ್ನು ಕಣ್ಣಾರೆ ಕಂಡು ಹೇಳಬಲ್ಲ ಕೊನೆಯ ತಲೆಮಾರು ಇದು. ಇತ್ತ ಸಕಲೇಶಪುರದ ಹಳೆಯ ಬಂಗಲೆಗಳು ಹೋಂಸ್ಟೇಗಳಾಗಿ ಪ್ರವಾಸಿಗರನ್ನು ಕರೆಯುತ್ತಿವೆ. ಬಂಗಲೆಯ ಹೆಂಚು, ಕುರ್ಚಿ, ಬೇಟೆಯ ಚಿತ್ರಗಳಿಗೆ ಈಗ ಬೆಲೆಯಿದೆ. ಲೈನು ಮನೆಗೆ ಆ ಭಾಗ್ಯವಿಲ್ಲ. ಹಳೆಯದಾದರೆ ಕೆಡವುವುದೊಂದೇ ದಾರಿ.

ಪ್ರೇಕ್ಷಕನನ್ನು ಕಥೆಯೊಳಗೆ ನಡೆಸುವ ಕಲೆ ಕನ್ನಡಕ್ಕೆ ಹೊಸದೇನಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ರಂಗಕ್ಕೆ ತಂದಾಗ, ಜನ ಇರುಳಿಡೀ ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ನಡೆದು ನೋಡಿದರು. ಆಳು ನಾಯಿಗುತ್ತಿಯ ಹಿಂದೆ ಅವರೂ ಹೆಜ್ಜೆ ಹಾಕಿದರು. ಇದಕ್ಕೆ ಯಂತ್ರ ಬೇಕಾಗಲಿಲ್ಲ.

ಹೀಗಿರುವಾಗ ಸಕಲೇಶಪುರದ ಬೆಟ್ಟದ ತೋಟಗಳಿಗೆ, ಆಲೂರಿನ ಗದ್ದೆಗಳಿಗೆ ಮೊದಲು ಬೇಕಾದದ್ದು ದುಬಾರಿ ಸಾಧನವಲ್ಲ. ಎಸ್ಟೇಟುಗಳ ಅಟ್ಟದಲ್ಲಿ ಹಳೆಯ ಹಾಜರಿ ಪುಸ್ತಕಗಳು ಉಳಿದಿದ್ದರೆ ಗೆದ್ದಲು ಹಿಡಿಯುವ ಮುನ್ನ ಅವುಗಳ ಚಿತ್ರ ತೆಗೆದಿಡಬೇಕು. ಹಿರಿಯರು ಒಪ್ಪಿದರೆ ಅವರ ಮಾತನ್ನು ಅವರದೇ ನುಡಿಯಲ್ಲಿ, ಕನ್ನಡವಾಗಲಿ, ತುಳುವಾಗಲಿ, ತಮಿಳಾಗಲಿ, ಧ್ವನಿಮುದ್ರಿಸಬೇಕು. ಒಂದಾದರೂ ಲೈನು ಮನೆ ಕೆಡವದೆ ಉಳಿಯಬೇಕು. ಏನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಆ ಕುಟುಂಬಗಳದ್ದೇ ಆಗಬೇಕು. ಆಮೇಲೆ ಆ ಮನೆಯ ಕತ್ತಲಲ್ಲಿ ಬೆಳಕಿನ ಆಕೃತಿ ಮೂಡಿಸುವುದು ಕಷ್ಟವೇನಲ್ಲ.

ಅಟ್ಲಾಂಟಿಕ್‌ನ ನೆನಪನ್ನು ಕಟ್ಟುತ್ತಿರುವವರು ಸತ್ತವರ ಹೆಸರನ್ನು ಹಳೆಯ ಕಡತಗಳಲ್ಲಿ ಹುಡುಕುತ್ತಿದ್ದಾರೆ. ಇಲ್ಲಿ ಹೆಸರು ಹೇಳಬಲ್ಲವರು ಇನ್ನೂ ಇದ್ದಾರೆ. ಕೇಳುವವರು ಹೋಗಬೇಕಾಗಿದೆ.