ತೂತುಬಿದ್ದ ಉಕ್ಕಿನ ಟೋಪಿ

ಯುದ್ಧದ ಚಲನಚಿತ್ರವೆಂದೊಡನೆ ಉರುಳುವ ಟ್ಯಾಂಕುಗಳು, ಸಾವಿರಾರು ಸೈನಿಕರು ಕಣ್ಣಮುಂದೆ ಬರುತ್ತಾರೆ. ಅಂತಹ ಆಡಂಬರವಿಲ್ಲದೆಯೇ ಯುದ್ಧದ ನಿಜವನ್ನು ಹೇಳಿದ ಚಿತ್ರವೊಂದರ ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ. ಅದು ಸ್ಯಾಮ್ಯುಯೆಲ್ ಫುಲ್ಲರ್ ಬರೆದು ನಿರ್ದೇಶಿಸಿದ ‘ದಿ ಸ್ಟೀಲ್ ಹೆಲ್ಮೆಟ್’.

ಕೊರಿಯಾ ಯುದ್ಧ ಆರಂಭವಾದದ್ದು 1950ರ ಜೂನ್ 25ರಂದು. ಚಿತ್ರ ತೆರೆಗೆ ಬಂದದ್ದು 1951ರ ಜನವರಿಯಲ್ಲಿ. ಯುದ್ಧ ಇನ್ನೂ ನಡೆಯುತ್ತಲೇ ಇತ್ತು. ಸುಮಾರು ಒಂದು ಲಕ್ಷ ಡಾಲರ್ ವೆಚ್ಚ, ಹತ್ತು ದಿನಗಳ ಚಿತ್ರೀಕರಣ. ಲಾಸ್ ಏಂಜಲೀಸಿನ ಗ್ರಿಫಿತ್ ಉದ್ಯಾನವೇ ಕೊರಿಯಾ, ಕಾಲೇಜು ವಿದ್ಯಾರ್ಥಿಗಳೇ ಸೈನಿಕರು, ಟ್ಯಾಂಕು ಪ್ಲೈವುಡ್ಡಿನದು. ಅನುಭವ ಮಾತ್ರ ಅಸಲಿ. ಫುಲ್ಲರ್ ಎರಡನೆಯ ಮಹಾಯುದ್ಧದಲ್ಲಿ ಪದಾತಿ ಸೈನಿಕನಾಗಿ ಉತ್ತರ ಆಫ್ರಿಕಾ, ಸಿಸಿಲಿ, ನಾರ್ಮಂಡಿಗಳಲ್ಲಿ ಹೋರಾಡಿದವನು.

ಕಥಾನಾಯಕ ಸಾರ್ಜೆಂಟ್ ಝ್ಯಾಕ್. ಕೈಕಟ್ಟಿ ಕೊಲ್ಲಲಾದ ಸೆರೆಯಾಳುಗಳ ನಡುವೆ ಬದುಕುಳಿದವನು ಇವನೊಬ್ಬನೇ. ಗುಂಡು ಟೋಪಿಯನ್ನು ತೂರಿದೆ, ತಲೆಯನ್ನಲ್ಲ. ಅನಾಥ ಕೊರಿಯನ್ ಬಾಲಕನೊಬ್ಬ ಅವನ ಕಟ್ಟು ಬಿಡಿಸಿ ಜೊತೆಗೂಡುತ್ತಾನೆ. ಮುಂದೆ ಕೆಲವು ಸೈನಿಕರೊಡನೆ ಅವರು ಬೌದ್ಧ ದೇವಾಲಯವೊಂದನ್ನು ಸೇರುತ್ತಾರೆ. ಅಲ್ಲಿ ಸೆರೆಸಿಕ್ಕ ಉತ್ತರ ಕೊರಿಯಾದ ಮೇಜರ್, ತವರಿನ ಬಸ್ಸಿನಲ್ಲಿ ನೀನು ಹಿಂದೆಯೇ ಕೂರಬೇಕಲ್ಲವೇ ಎಂದು ಕಪ್ಪು ವರ್ಣದ ವೈದ್ಯಸಹಾಯಕನನ್ನು ಕೆಣಕುತ್ತಾನೆ. ಜಪಾನೀ ಮೂಲದ ಸೈನಿಕನಿಗೆ, 1942ರಿಂದ ಅವನ ಜನರನ್ನು ಅಮೆರಿಕ ಶಿಬಿರಗಳಲ್ಲಿ ಕೂಡಿಟ್ಟದ್ದನ್ನು ನೆನಪಿಸುತ್ತಾನೆ. ಆ ಅನ್ಯಾಯಕ್ಕೆ ಅಮೆರಿಕ ಶಾಸನಬದ್ಧವಾಗಿ ಕ್ಷಮೆ ಕೇಳಿದ್ದು 1988ರಲ್ಲಿ. ಈ ಬಡ ಚಿತ್ರ ಅದನ್ನು ಮೂವತ್ತೇಳು ವರ್ಷ ಮೊದಲೇ ಆಡಿ ತೋರಿಸಿತ್ತು!

ಕೊನೆಗೆ ಬಾಲಕ ಸಾಯುತ್ತಾನೆ. ಅವನು ಬರೆದಿಟ್ಟ ಪ್ರಾರ್ಥನೆಯನ್ನು ಮೇಜರ್ ಹಂಗಿಸಿದಾಗ ಝ್ಯಾಕ್ ಆ ನಿರಾಯುಧ ಸೆರೆಯಾಳಿಗೆ ಗುಂಡಿಕ್ಕುತ್ತಾನೆ. ಸೆರೆಯಾಳುಗಳ ಕೊಲೆಯಿಂದ ಪಾರಾದವನೇ ಸೆರೆಯಾಳನ್ನು ಕೊಂದ! ಸೇನಾಧಿಕಾರಿಗಳು ಆಕ್ಷೇಪಿಸಿದರು. ಯುದ್ಧರಂಗದಲ್ಲಿ ಹೀಗೂ ನಡೆಯುತ್ತದೆಂಬುದು ಫುಲ್ಲರನ ಉತ್ತರವಾಗಿತ್ತು.

ಇತಿಹಾಸದ ಅಧ್ಯಾಪಕನಾಗಿದ್ದ ನನಗೆ ಈ ದೃಶ್ಯ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರನ್ನು ನೆನಪಿಗೆ ತರುತ್ತದೆ. ಕೊರಿಯಾದ ಶಾಂತಿ ಮಾತುಕತೆ ಬಹುಕಾಲ ಎಳೆದದ್ದು ಸೆರೆಯಾಳುಗಳ ಪ್ರಶ್ನೆಯಿಂದಲೇ. 1953ರ ಜುಲೈ 27ರ ಕದನವಿರಾಮದ ನಂತರ, ತವರಿಗೆ ಮರಳಲೊಪ್ಪದ 22,000ಕ್ಕೂ ಹೆಚ್ಚು ಸೆರೆಯಾಳುಗಳ ಹೊಣೆ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂತು. ಅದರ ಅಧ್ಯಕ್ಷರು ತಿಮ್ಮಯ್ಯನವರು. ಶಿಬಿರಗಳನ್ನು ಕಾಯ್ದವರು ಭಾರತೀಯ ಯೋಧರು.

ಶತ್ರುವನ್ನು ಗೆಲ್ಲುವುದು ಶೌರ್ಯವೇ ಸರಿ. ಕೈಗೆ ಸಿಕ್ಕ ಶತ್ರುವನ್ನು ಮನುಷ್ಯನೆಂದು ಕಾಪಾಡುವುದು ಅದಕ್ಕಿಂತ ಕಠಿಣವಾದ ಶೌರ್ಯವೆಂದು ನನ್ನ ನಂಬಿಕೆ.