4294967297: ಫರ್ಮಾನ ಊಹೆಯನ್ನು ಮುರಿದ ಸಂಖ್ಯೆ

2ಕ್ಕೆ ಘಾತಸೂಚಿಯಾಗಿ 1, 2, 4, 8, 16 ಹಾಕಿ, ಬಂದ ಬೆಲೆಗೆ 1 ಕೂಡಿಸಿ. 3, 5, 17, 257, 65537 ದೊರೆಯುತ್ತವೆ. ಐದೂ ಅವಿಭಾಜ್ಯ ಸಂಖ್ಯೆಗಳೇ. ಮುಂದಿನವೂ ಹೀಗೆಯೇ ಇರುತ್ತವೆಂದು ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ನಂಬಿದ್ದ. ಸಾಧನೆ ಮಾತ್ರ ಅವನಿಗೆ ಸಿಕ್ಕಿರಲಿಲ್ಲ.

ಘಾತಸೂಚಿ 32 ಆದಾಗ ಬರುವುದು 4294967297. 1732ರಲ್ಲಿ ಆಯ್ಲರ್ ಇದು 641 × 6700417 ಎಂದು ತೋರಿಸಿದ. ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕೆಂಬುದನ್ನು ಮುಂದೆ ಅವನೇ ಸಾಧಿಸಿದ. ಅದರಂತೆ ಪರೀಕ್ಷಿಸಬೇಕಾದವು 193, 257, 449, 577, 641. ಐದನೆಯದರಲ್ಲೇ ಉತ್ತರ!

ಈ ಸರಣಿಯಲ್ಲಿ ಆರನೆಯ ಅವಿಭಾಜ್ಯ ಸಂಖ್ಯೆ ಇಂದಿಗೂ ಪತ್ತೆಯಾಗಿಲ್ಲ. ಐದು ಉದಾಹರಣೆಗಳು ಸರಿಬಂದ ಮಾತ್ರಕ್ಕೆ ಊಹೆಯು ಪ್ರಮೇಯವಾಗದು ಎಂದು ತರಗತಿಯಲ್ಲಿ ತಿಳಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?