ಶಿಶಿಕ್ಷು ತರಬೇತಿ: ಅನುದಾನ ಮತ್ತು ಆಡಳಿತ ಸುಧಾರಣೆಗಳಿಂದ ತರಬೇತಿ ಸಂಸ್ಥೆಗಳ ಮೇಲೆ ಆಗಿರುವ ಪರಿಣಾಮ

ಕಾರ್ಖಾನೆ, ಕಾರ್ಯಾಗಾರ ಅಥವಾ ಕಚೇರಿಯಲ್ಲಿ ಕೆಲಸ ಮಾಡುತ್ತಲೇ ವೃತ್ತಿಯನ್ನು ಕಲಿಯುವ ವ್ಯವಸ್ಥೆಯನ್ನು ಶಿಶಿಕ್ಷು ತರಬೇತಿ ಎಂದು ಕರೆಯಲಾಗುತ್ತದೆ. ಜನಬಳಕೆಯಲ್ಲಿ ಇದು ಅಪ್ರೆಂಟಿಸ್‌ಶಿಪ್ ಎಂದೇ ಪರಿಚಿತವಾಗಿದೆ. ಭಾರತದಲ್ಲಿ ಈ ತರಬೇತಿಯು ಶಿಶಿಕ್ಷು ಅಧಿನಿಯಮ, 1961ರ ಮೇರೆಗೆ ನಡೆಯುತ್ತದೆ. 2014ರಿಂದ ಈಚೆಗೆ ಸದರಿ ಅಧಿನಿಯಮದಲ್ಲಿಯೂ, ತರಬೇತಿಗೆ ಹಣ ಒದಗಿಸುವ ಕ್ರಮದಲ್ಲಿಯೂ ಹಲವು ಬದಲಾವಣೆಗಳನ್ನು ಮಾಡಲಾಗಿದೆ. ಈ ಬದಲಾವಣೆಗಳು ಉದ್ಯೋಗದಾತರಿಗಾಗಿ ಮತ್ತು ಶಿಶಿಕ್ಷುಗಳಿಗಾಗಿ ಆದವಾದರೂ, ಇವರಿಬ್ಬರ ನಡುವೆ ನಿಂತು ತರಬೇತಿ ನೀಡುವ ಸಂಸ್ಥೆಗಳ ಮೇಲೆ ಅವುಗಳ ಭಾರ ಹೆಚ್ಚಾಗಿ ಬಿದ್ದಿದೆ. ತರಬೇತಿ ಸಂಸ್ಥೆಯ ಮೂಲಕ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳು ಮತ್ತು ಅವರ ಪೋಷಕರು ಈ ಹಿನ್ನೆಲೆಯನ್ನು ತಿಳಿದಿರುವುದು ಅವಶ್ಯಕ.

ತರಬೇತಿ ಸಂಸ್ಥೆಗಳು ಯಾವುವು

ಶಿಶಿಕ್ಷು ತರಬೇತಿಯಲ್ಲಿ ಎರಡು ಹಂತಗಳಿವೆ. ಮೊದಲನೆಯದು ಪ್ರಾಥಮಿಕ ತರಬೇತಿ. ಅಂದರೆ ಉಪಕರಣಗಳ ಪರಿಚಯ, ಅಳತೆ, ಸುರಕ್ಷತಾ ಕ್ರಮ ಮತ್ತು ಯಂತ್ರ ಮುಟ್ಟುವ ಮುನ್ನ ತಿಳಿದಿರಬೇಕಾದ ವಿಷಯಗಳು. ಎರಡನೆಯದು ಉದ್ಯಮದ ಸ್ಥಳದಲ್ಲಿಯೇ ನಡೆಯುವ ಪ್ರಾಯೋಗಿಕ ತರಬೇತಿ. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ (ಐ.ಟಿ.ಐ.) ಅದೇ ವೃತ್ತಿಯಲ್ಲಿ ತೇರ್ಗಡೆಯಾದವರಿಗೆ ಪ್ರಾಥಮಿಕ ತರಬೇತಿಯ ಅಗತ್ಯವಿರುವುದಿಲ್ಲ. ಶಾಲೆಯಿಂದ ನೇರವಾಗಿ ಬರುವ ಹೊಸಬರು ಅದನ್ನು ಪೂರೈಸಿಯೇ ಕಾರ್ಖಾನೆಯೊಳಗೆ ಕಾಲಿಡತಕ್ಕದ್ದು. ಸರ್ಕಾರಿ ಮತ್ತು ಖಾಸಗಿ ಐ.ಟಿ.ಐ.ಗಳು, ದೊಡ್ಡ ಉದ್ಯಮಗಳ ಸ್ವಂತ ತರಬೇತಿ ಕೇಂದ್ರಗಳು ಹಾಗೂ ಕೈಗಾರಿಕಾ ಸಮೂಹಗಳು ನಡೆಸುವ ಕೇಂದ್ರಗಳು ಈ ಪ್ರಾಥಮಿಕ ತರಬೇತಿಯನ್ನು ನೀಡುತ್ತವೆ. ಈ ಪುಟದಲ್ಲಿ ತರಬೇತಿ ಸಂಸ್ಥೆ ಎಂದರೆ ಇವು ಎಂದು ತಿಳಿಯತಕ್ಕದ್ದು.

2014ರ ತಿದ್ದುಪಡಿ ಮತ್ತು ಬೇಡಿಕೆಯ ಸ್ವರೂಪ

ಮೊದಲಿದ್ದ ವ್ಯವಸ್ಥೆಯಲ್ಲಿ ಪ್ರತಿಯೊಂದು ವೃತ್ತಿಗೂ ಕೆಲಸಗಾರರ ಸಂಖ್ಯೆಗೆ ಅನುಪಾತವಾಗಿ ಶಿಶಿಕ್ಷುಗಳ ಸಂಖ್ಯೆ ನಿಗದಿಯಾಗುತ್ತಿತ್ತು. ಶಿಶಿಕ್ಷು ಸಲಹೆಗಾರರು ಉದ್ಯಮವನ್ನು ಪರಿಶೀಲಿಸಿ ಸ್ಥಾನಗಳನ್ನು ಗೊತ್ತುಪಡಿಸುತ್ತಿದ್ದರು. ಉದ್ಯೋಗದಾತರು ತಪ್ಪಿದಲ್ಲಿ ಕಾರಾಗೃಹ ವಾಸದ ಶಿಕ್ಷೆಗೂ ಅವಕಾಶವಿತ್ತು. 2014ರ ಡಿಸೆಂಬರ್ 22ರಂದು ಜಾರಿಗೆ ಬಂದ ತಿದ್ದುಪಡಿಯು ಕಾರಾಗೃಹ ಶಿಕ್ಷೆಯನ್ನು ತೆಗೆದುಹಾಕಿ ದಂಡವನ್ನು ಮಾತ್ರ ಉಳಿಸಿತು. ಸರ್ಕಾರ ಗೊತ್ತುಪಡಿಸಿದ ವೃತ್ತಿಗಳ ಜೊತೆಗೆ, ಉದ್ಯೋಗದಾತರೇ ಪಠ್ಯಕ್ರಮ ರೂಪಿಸಿಕೊಳ್ಳಬಹುದಾದ ಐಚ್ಛಿಕ ವೃತ್ತಿಗಳಿಗೂ ದಾರಿ ಮಾಡಿಕೊಟ್ಟಿತು. ಪ್ರಾಥಮಿಕ ತರಬೇತಿಯನ್ನು ಸಾಕಷ್ಟು ಸೌಲಭ್ಯವಿರುವ ಯಾವುದೇ ಸಂಸ್ಥೆಯಲ್ಲಿ ನಡೆಸಬಹುದೆಂದು ಹೇಳಿದುದೂ ಇದೇ ತಿದ್ದುಪಡಿ. ಖಾಸಗಿ ತರಬೇತಿ ಸಂಸ್ಥೆಗಳಿಗೆ ಈ ಕ್ಷೇತ್ರದ ಬಾಗಿಲು ವಿಶಾಲವಾಗಿ ತೆರೆದುದು ಇಲ್ಲಿಂದ.

ಆ ನಂತರದ ನಿಯಮಗಳು ವೃತ್ತಿವಾರು ಅನುಪಾತವನ್ನು ಬಿಟ್ಟು, ಗುತ್ತಿಗೆ ಕೆಲಸಗಾರರೂ ಸೇರಿದಂತೆ ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 10ರ ನಡುವೆ ಎಷ್ಟು ಶಿಶಿಕ್ಷುಗಳನ್ನಾದರೂ ತೆಗೆದುಕೊಳ್ಳಬಹುದೆಂದು ವಿಧಿಸಿದವು. 2019ರ ಸೆಪ್ಟೆಂಬರ್‌ನಲ್ಲಿ ಈ ಮೇಲ್ಮಿತಿಯನ್ನು ಶೇ. 15ಕ್ಕೆ ಏರಿಸಲಾಯಿತು. ಶಿಶಿಕ್ಷುಗಳನ್ನು ನೇಮಿಸಿಕೊಳ್ಳುವುದು ಕಡ್ಡಾಯವಾಗುವ ಸಿಬ್ಬಂದಿ ಸಂಖ್ಯೆಯನ್ನು 40ರಿಂದ 30ಕ್ಕೆ ಇಳಿಸಲಾಯಿತು. ಉದಾಹರಣೆಗೆ, ಬೆಂಗಳೂರಿನ ಪೀಣ್ಯದಲ್ಲಿ 40 ಜನರಿರುವ ಒಂದು ಯಂತ್ರಾಗಾರವು ಒಬ್ಬ ಶಿಶಿಕ್ಷುವನ್ನು ತೆಗೆದುಕೊಂಡರೂ ಕಾನೂನಿನ ಪಾಲನೆಯಾದಂತೆಯೇ, ಆರು ಜನರನ್ನು ತೆಗೆದುಕೊಂಡರೂ ಆದಂತೆಯೇ. ಯಾವ ವೃತ್ತಿಗೆ, ಯಾವ ತಿಂಗಳಿನಲ್ಲಿ ಎಂಬುದೂ ಉದ್ಯೋಗದಾತರ ವಿವೇಚನೆಗೆ ಬಿಟ್ಟ ವಿಷಯವಾಗಿದೆ.

ಉದ್ಯಮಕ್ಕೆ ಇದು ಅನುಕೂಲ; ತರಬೇತಿ ಸಂಸ್ಥೆಗೆ ಹಾಗಲ್ಲ. ಒಂದು ಫಿಟ್ಟರ್ ಅಥವಾ ವೆಲ್ಡರ್ ತಂಡವನ್ನು ನಡೆಸಲು ಬೋಧಕರ ವೇತನ, ಯಂತ್ರಗಳು, ಕಚ್ಚಾ ಸಾಮಗ್ರಿ, ವಿದ್ಯುತ್ ಇವೆಲ್ಲ ಮೊದಲೇ ಸಿದ್ಧವಿರಬೇಕು. ಆರು ಜನರು ಬರುವರೆಂದು ಎಣಿಸಿದ ಕಡೆ ಒಬ್ಬನೇ ಬಂದರೂ ಬೋಧಕರ ವೇತನ ಕಡಿಮೆಯಾಗುವುದಿಲ್ಲ. ಹೀಗಾಗಿ ಅನೇಕ ಸಣ್ಣ ಉದ್ಯಮಗಳಿಂದ ಒಬ್ಬಿಬ್ಬರಂತೆ ಸೇರಿಸಿ ತಂಡವನ್ನು ಕಟ್ಟುವ ಕೆಲಸ ಸಂಸ್ಥೆಗಳ ಪಾಲಿಗೆ ಬಂದಿದೆ. ಅಭ್ಯರ್ಥಿಯನ್ನು ಆಯ್ಕೆ ಮಾಡಿದ ಬಳಿಕವೂ ತರಬೇತಿ ಆರಂಭವಾಗಲು ಕೆಲವೊಮ್ಮೆ ವಾರಗಳು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಗಂಟೆಗೆ 15 ರೂಪಾಯಿ

2016ರ ಆಗಸ್ಟ್ 19ರಂದು ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆ ಆರಂಭವಾಯಿತು. ಅದಕ್ಕೆ ಮೊದಲು ಜಾರಿಯಲ್ಲಿದ್ದ 2014ರ ಅಪ್ರೆಂಟಿಸ್ ಪ್ರೋತ್ಸಾಹನ್ ಯೋಜನೆಯು ಶಿಷ್ಯವೇತನದ ಅರ್ಧದಷ್ಟನ್ನು ಮೊದಲ ಎರಡು ವರ್ಷ ಉದ್ಯೋಗದಾತರಿಗೆ ಮರುಪಾವತಿ ಮಾಡುತ್ತಿತ್ತು. ಹೊಸ ಯೋಜನೆಯು ನಿಗದಿತ ಶಿಷ್ಯವೇತನದ ಶೇ. 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂ. ಮಿತಿಯೊಳಗೆ ಭರಿಸುವುದೆಂದು ಗೊತ್ತುಮಾಡಿತು. ಇದರೊಂದಿಗೆ ಹೊಸಬರ ಪ್ರಾಥಮಿಕ ತರಬೇತಿಗಾಗಿ 500 ಗಂಟೆಗಳಿಗೆ, ಅಂದರೆ ಸುಮಾರು ಮೂರು ತಿಂಗಳಿಗೆ, ತಲಾ 7,500 ರೂ.ವರೆಗೆ ನೀಡುವ ಅವಕಾಶವನ್ನೂ ಕಲ್ಪಿಸಿತು.

ಈ ಮೊತ್ತವನ್ನು ಭಾಗಿಸಿ ನೋಡಿದರೆ ಒಬ್ಬ ಶಿಶಿಕ್ಷುವಿಗೆ ಗಂಟೆಗೆ 15 ರೂ. ಆಗುತ್ತದೆ. ಕೇಂದ್ರ ಸರ್ಕಾರವು 2015ರಲ್ಲಿ ಅಲ್ಪಾವಧಿ ಕೌಶಲ್ಯ ಯೋಜನೆಗಳಿಗಾಗಿ ಅಧಿಸೂಚಿಸಿದ ಸಾಮಾನ್ಯ ಮಾನದಂಡಗಳಲ್ಲಿ ವೃತ್ತಿಯ ವರ್ಗಕ್ಕೆ ಅನುಗುಣವಾಗಿ ಗಂಟೆಗೆ 38.50 ರೂ., 33 ರೂ. ಮತ್ತು 27.50 ರೂ. ದರಗಳಿದ್ದವು. ಅದೇ 500 ಗಂಟೆಗಳ ಬೋಧನೆಗೆ ಮೊದಲ ವರ್ಗದ ದರದಲ್ಲಿ 19,250 ರೂ. ದೊರೆಯುತ್ತದೆ, ಶಿಶಿಕ್ಷು ಯೋಜನೆಯಡಿ 7,500 ರೂ. ಮಾತ್ರ. ಉಳಿದ ವೆಚ್ಚವನ್ನು ಉದ್ಯೋಗದಾತರು ನೀಡುವರೆಂಬುದು ಯೋಜನೆಯ ಹಿಂದಿನ ಎಣಿಕೆ. ದೊಡ್ಡ ಕಾರ್ಖಾನೆಯೊಂದಿಗೆ ಒಪ್ಪಂದವಿದ್ದ ಸಂಸ್ಥೆಗಳಿಗೆ ಈ ಎಣಿಕೆ ಸರಿಹೊಂದಬಹುದು. ಸಣ್ಣ ಉದ್ಯಮಗಳನ್ನೇ ನಂಬಿದ ಸಂಸ್ಥೆಗಳಿಗೆ ಅದು ಸುಲಭವಲ್ಲ, ಏಕೆಂದರೆ ಆ ಉದ್ಯಮಗಳಿಗೂ ಮೂರು ತಿಂಗಳ ತರಬೇತಿ ಶುಲ್ಕ ಹೊರೆಯೇ. ಒಂದೇ ಕಟ್ಟಡ, ಒಂದೇ ಬೋಧಕರನ್ನು ಬಳಸಿ ಎರಡರಲ್ಲಿ ಯಾವುದನ್ನಾದರೂ ನಡೆಸಬಹುದಾಗಿದ್ದ ಸಂಸ್ಥೆಯು ಅಲ್ಪಾವಧಿ ತರಬೇತಿಯತ್ತ ವಾಲಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ದರದಷ್ಟೇ ಮುಖ್ಯವಾದುದು ಹಣ ಕೈಸೇರುವ ಸಮಯ. ಮರುಪಾವತಿ ಎಂದರೆ ಮೊದಲು ಖರ್ಚು, ನಂತರ ಬಿಲ್ಲು, ಪರಿಶೀಲನೆ, ಆಮೇಲೆ ಪಾವತಿ. ಅಲ್ಪಾವಧಿ ಯೋಜನೆಗಳ ಮಾನದಂಡದಲ್ಲಿ ತಂಡ ಆರಂಭವಾದಾಗ ಶೇ. 30, ಪ್ರಮಾಣೀಕರಣದ ಬಳಿಕ ಶೇ. 50, ಉದ್ಯೋಗ ದೊರೆತುದು ದೃಢಪಟ್ಟ ಮೇಲೆ ಶೇ. 20 ಎಂಬ ಕಂತುಗಳಿದ್ದವು. ಅಲ್ಲಿಯೂ ಕೊನೆಯ ಕಂತು ತರಬೇತಿ ಸಂಸ್ಥೆಯ ಕೈಯಲ್ಲಿಲ್ಲದ ವಿಷಯವನ್ನು ಅವಲಂಬಿಸಿತ್ತು.

ಶಿಷ್ಯವೇತನದ ಹಣ ಈಗ ಸಾಗುವ ದಾರಿ

ಹಿಂದೆ ಶಿಷ್ಯವೇತನವನ್ನು ಅರೆಕುಶಲ ಕೆಲಸಗಾರರ ಕನಿಷ್ಠ ವೇತನದ ಶೇಕಡಾವಾರು ಲೆಕ್ಕದಲ್ಲಿ ನಿಗದಿಪಡಿಸಲಾಗುತ್ತಿತ್ತು: ಮೊದಲ ವರ್ಷ ಶೇ. 70, ಎರಡನೆಯ ವರ್ಷ ಶೇ. 80, ಮೂರನೆಯ ವರ್ಷ ಶೇ. 90. 2019ರ ತಿದ್ದುಪಡಿಯು ಇದನ್ನು ಬಿಟ್ಟು ವಿದ್ಯಾರ್ಹತೆಗೆ ತಕ್ಕಂತೆ 5,000 ರೂ.ನಿಂದ 9,000 ರೂ.ವರೆಗಿನ ನಿಶ್ಚಿತ ಕನಿಷ್ಠ ಮೊತ್ತಗಳನ್ನು ತಂದಿತು. ಎರಡನೆಯ ಮತ್ತು ಮೂರನೆಯ ವರ್ಷಗಳಿಗೆ ಹೆಚ್ಚಳವನ್ನೂ ಸೇರಿಸಿತು. ಲೆಕ್ಕ ಸರಳವಾಯಿತು, ಆದರೆ ಕನಿಷ್ಠ ವೇತನ ಪರಿಷ್ಕರಣೆಯಾದಾಗ ಶಿಷ್ಯವೇತನವೂ ತಾನಾಗಿ ಏರುತ್ತಿದ್ದ ಕೊಂಡಿ ಕಳಚಿತು. 2025ರ ಮೇ ತಿಂಗಳಿನಲ್ಲಿ ಕೇಂದ್ರ ಶಿಶಿಕ್ಷು ಮಂಡಳಿಯು ಈ ಶ್ರೇಣಿಯನ್ನು 6,800 ರೂ.ನಿಂದ 12,300 ರೂ.ಗೆ ಏರಿಸಲು ಶಿಫಾರಸು ಮಾಡಿತು. ಒಪ್ಪಂದಕ್ಕೆ ಸಹಿ ಹಾಕುವ ದಿನದಂದು ಜಾರಿಯಲ್ಲಿರುವ ದರವನ್ನು ಅಭ್ಯರ್ಥಿಗಳು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಡಿಕೊಳ್ಳತಕ್ಕದ್ದು.

ಮಿತಿಯ ಪರಿಣಾಮವನ್ನು ಸಂಖ್ಯೆಗಳಲ್ಲಿ ಕಾಣಬಹುದು. ಶಿಷ್ಯವೇತನ 5,000 ರೂ. ಇದ್ದಲ್ಲಿ ಶೇ. 25ರ ಪಾಲು 1,250 ರೂ. ಆಗುತ್ತದೆ. 6,000 ರೂ. ಇದ್ದಲ್ಲಿ ಸರಿಯಾಗಿ 1,500 ರೂ. ಅಲ್ಲಿಂದ ಮೇಲೆ ಶಿಷ್ಯವೇತನ ಎಷ್ಟೇ ಇರಲಿ, ಸರ್ಕಾರದ ಪಾಲು 1,500 ರೂ.ನಲ್ಲಿಯೇ ನಿಲ್ಲುತ್ತದೆ; 9,000 ರೂ. ಪಡೆಯುವವರ ವಿಷಯದಲ್ಲಿ ಅದು ಆರನೆಯ ಒಂದು ಭಾಗವಷ್ಟೇ. ಮಿತಿಯನ್ನು ಬದಲಿಸದೆ ದರಗಳನ್ನು ಮಾತ್ರ ಏರಿಸಿದಲ್ಲಿ ಹೆಚ್ಚುವರಿ ಹೊರೆ ಪೂರ್ತಿಯಾಗಿ ಉದ್ಯೋಗದಾತರ ಮೇಲೆ ಬೀಳುವುದು.

ಮೊದಲು ಉದ್ಯೋಗದಾತರು ಪೂರ್ಣ ಶಿಷ್ಯವೇತನವನ್ನು ನೀಡಿ ಸರ್ಕಾರದ ಪಾಲನ್ನು ಮರಳಿ ಪಡೆಯುತ್ತಿದ್ದರು. 2023ರ ಆಗಸ್ಟ್‌ನಲ್ಲಿ ನೇರ ನಗದು ವರ್ಗಾವಣೆಗೆ ಚಾಲನೆ ನೀಡಲಾಯಿತು. ಆ ಬಳಿಕ ಸರ್ಕಾರದ ಪಾಲು ಶಿಶಿಕ್ಷುವಿನ ಬ್ಯಾಂಕ್ ಖಾತೆಗೇ ಜಮೆಯಾಗುವ ಕ್ರಮ ಬಂದಿತು. 2025ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಸ್ಕಿಲ್ ಇಂಡಿಯಾ ಕಾರ್ಯಕ್ರಮದ ಭಾಗವಾಗಿ 2025-26ರವರೆಗೆ ಈ ಯೋಜನೆಯ ಮುಂದುವರಿಕೆಗೆ ಒಪ್ಪಿಗೆ ನೀಡಿದಾಗಲೂ ನೆರವಿನ ಕೇಂದ್ರಬಿಂದು ಇದೇ ಆಗಿತ್ತು. ನಡುವಿನ ಕೈಗಳು ಕಡಿಮೆಯಾದುದು ಶಿಶಿಕ್ಷುಗಳಿಗೆ ಒಳಿತೇ. ಆದರೆ ಆಧಾರ್ ಜೋಡಣೆಯಾಗದ ಖಾತೆ, ಹೆಸರಿನ ಅಕ್ಷರಗಳಲ್ಲಿ ವ್ಯತ್ಯಾಸ, ಉದ್ಯೋಗದಾತರು ತಮ್ಮ ಪಾಲಿನ ಪಾವತಿಯನ್ನು ಪೋರ್ಟಲ್‌ನಲ್ಲಿ ದಾಖಲಿಸದಿರುವುದು, ಇವುಗಳಲ್ಲಿ ಯಾವುದಾದರೊಂದು ಇದ್ದರೂ ಹಣ ನಿಲ್ಲುತ್ತದೆ. ಇದನ್ನು ಸರಿಪಡಿಸಲು ಅಭ್ಯರ್ಥಿ ಮೊದಲು ಹೋಗುವುದು ತರಬೇತಿ ಸಂಸ್ಥೆಯ ಕಚೇರಿಗೆ. ಈ ಕೆಲಸಕ್ಕೆಂದು ಸಂಸ್ಥೆಗೆ ಪ್ರತ್ಯೇಕ ಅನುದಾನವಿಲ್ಲ.

ಆಡಳಿತದ ಹಂಚಿಕೆ

2015ರಲ್ಲಿ ತರಬೇತಿ ಮತ್ತು ಶಿಶಿಕ್ಷು ವಿಭಾಗಗಳು ಕೇಂದ್ರ ಕಾರ್ಮಿಕ ಸಚಿವಾಲಯದಿಂದ ಕೌಶಲ್ಯಾಭಿವೃದ್ಧಿ ಮತ್ತು ಉದ್ಯಮಶೀಲತಾ ಸಚಿವಾಲಯಕ್ಕೆ ವರ್ಗವಾದವು. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ವ್ಯವಹರಿಸುವ ಉದ್ಯಮಗಳು 2014ರ ತಿದ್ದುಪಡಿಯಂತೆ ಕೇಂದ್ರದ ವ್ಯಾಪ್ತಿಗೆ ಬಂದಿವೆ. ರಾಜ್ಯದೊಳಗಿನ ಇತರ ಖಾಸಗಿ ಉದ್ಯಮಗಳಿಗೆ ರಾಜ್ಯದ ಶಿಶಿಕ್ಷು ಸಲಹೆಗಾರರು ಸಂಬಂಧಪಟ್ಟ ಪ್ರಾಧಿಕಾರ. ಪದವಿ ಮತ್ತು ಡಿಪ್ಲೊಮಾ ಪಡೆದವರ ತರಬೇತಿಯನ್ನು ಶಿಕ್ಷಣ ಸಚಿವಾಲಯದ ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯು ಬೇರೆ ಪೋರ್ಟಲ್‌ನಲ್ಲಿ ನಿರ್ವಹಿಸುತ್ತದೆ. ಕರ್ನಾಟಕಕ್ಕೆ ಸಂಬಂಧಿಸಿದ ಮಂಡಳಿಯು ಚೆನ್ನೈನಲ್ಲಿದೆ. ಆದ್ದರಿಂದ ಒಂದೇ ತರಬೇತಿ ಸಂಸ್ಥೆಯು ಒಂದೇ ತಂಡದ ಶಿಶಿಕ್ಷುಗಳಿಗಾಗಿ ಎರಡು ಮೂರು ಕಚೇರಿಗಳೊಂದಿಗೆ ಪತ್ರವ್ಯವಹಾರ ನಡೆಸಬೇಕಾದ ಸಂದರ್ಭಗಳಿವೆ. ತಪ್ಪು ಪೋರ್ಟಲ್‌ನಲ್ಲಿ ನೋಂದಾಯಿಸಿದ ಅರ್ಜಿ ತಾನಾಗಿ ಮತ್ತೊಂದಕ್ಕೆ ವರ್ಗವಾಗುವುದೆಂದು ಭಾವಿಸಬಾರದು.

ಅರ್ಜಿದಾರರ ಗಮನಕ್ಕೆ

ತರಬೇತಿಗೆ ಸೇರುವ ಮುನ್ನ ಶಿಶಿಕ್ಷು ಒಪ್ಪಂದವು ಉದ್ಯೋಗದಾತರ ಹೆಸರಿನಲ್ಲಿ ಪೋರ್ಟಲ್‌ನಲ್ಲಿ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ತರಬೇತಿ ಸಂಸ್ಥೆಯ ಪ್ರವೇಶ ಪತ್ರವು ಒಪ್ಪಂದವಲ್ಲ. ಅಭ್ಯರ್ಥಿ ಅಪ್ರಾಪ್ತ ವಯಸ್ಕರಾಗಿದ್ದಲ್ಲಿ ಪೋಷಕರು ಒಪ್ಪಂದಕ್ಕೆ ಸಹಿ ಮಾಡತಕ್ಕದ್ದು. ಒಪ್ಪಂದದಲ್ಲಿ ಗೊತ್ತುಪಡಿಸಿದ ವೃತ್ತಿಯೋ ಐಚ್ಛಿಕ ವೃತ್ತಿಯೋ ಎಂಬುದನ್ನು ಓದಿಕೊಳ್ಳಬೇಕು, ಏಕೆಂದರೆ ಅವಧಿ, ಪಠ್ಯಕ್ರಮ ಮತ್ತು ಪ್ರಮಾಣಪತ್ರ ನೀಡುವ ಸಂಸ್ಥೆ ಇದರ ಮೇಲೆ ನಿಂತಿವೆ. ಐಚ್ಛಿಕ ವೃತ್ತಿಯ ಅವಧಿ 6ರಿಂದ 36 ತಿಂಗಳವರೆಗೆ ಇರಬಹುದು.

ಹಣದ ಒತ್ತಡದಲ್ಲಿರುವ ಸಂಸ್ಥೆಯು ಅಭ್ಯರ್ಥಿಯಿಂದಲೇ ನೋಂದಣಿ, ಸಾಮಗ್ರಿ ಅಥವಾ ನಿರ್ವಹಣೆಯ ಹೆಸರಿನಲ್ಲಿ ಶುಲ್ಕ ಕೇಳುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಅಧಿನಿಯಮದ 9ನೆಯ ಪ್ರಕರಣವು ತರಬೇತಿಯ ವೆಚ್ಚವನ್ನು ಉದ್ಯೋಗದಾತರು ಮತ್ತು ಸರ್ಕಾರದ ನಡುವೆಯೇ ಇರಿಸಿದೆ. ಶಿಶಿಕ್ಷುವಿನ ಪಾಲು ಎಂಬುದು ಅದರಲ್ಲಿ ಇಲ್ಲ. ಶುಲ್ಕ ಕೇಳಿದಲ್ಲಿ ಪಾವತಿಸುವ ಮೊದಲು ಉದ್ಯೋಗದಾತರಿಂದ ಲಿಖಿತ ವಿವರಣೆ ಪಡೆಯುವುದು ಸೂಕ್ತ.

ಒಪ್ಪಂದದಿಂದ ಉಂಟಾಗುವ ವಿವಾದಗಳನ್ನು 20ನೆಯ ಪ್ರಕರಣದಂತೆ ಶಿಶಿಕ್ಷು ಸಲಹೆಗಾರರು ತೀರ್ಮಾನಿಸುತ್ತಾರೆ. ಈ ಪ್ರಕರಣವು ಉದ್ಯೋಗದಾತರು ಮತ್ತು ಶಿಶಿಕ್ಷು ಇವರಿಬ್ಬರ ನಡುವಿನ ವಿವಾದವನ್ನು ಮಾತ್ರ ಹೇಳುತ್ತದೆ. ತರಬೇತಿ ಸಂಸ್ಥೆಯು ಅದರಲ್ಲಿ ಕಕ್ಷಿದಾರನಲ್ಲ. ಆದುದರಿಂದ ಶಿಷ್ಯವೇತನ ಬಾರದಿರುವುದು, ಪ್ರಾಥಮಿಕ ತರಬೇತಿ ಅರ್ಧಕ್ಕೆ ನಿಂತುಹೋಗುವುದು ಮುಂತಾದ ದೂರುಗಳನ್ನು, ಲೋಪ ಸಂಸ್ಥೆಯದೇ ಎಂದು ತೋರಿದರೂ, ಒಪ್ಪಂದದಲ್ಲಿ ಹೆಸರಿಸಿರುವ ಉದ್ಯೋಗದಾತರನ್ನು ಎದುರುಕಕ್ಷಿಯಾಗಿ ಮಾಡಿ ಸಲ್ಲಿಸತಕ್ಕದ್ದು. ಒಪ್ಪಂದದ ಪ್ರತಿ ಮತ್ತು ಬ್ಯಾಂಕ್ ಪಾಸ್‌ಬುಕ್‌ನ ಸಂಬಂಧಪಟ್ಟ ಪುಟವನ್ನು ದೂರಿನೊಂದಿಗೆ ಲಗತ್ತಿಸಬೇಕು. ಸಲಹೆಗಾರರ ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ ಅದು ತಲುಪಿದ 30 ದಿನಗಳೊಳಗೆ ಶಿಶಿಕ್ಷು ಮಂಡಳಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.